ಫೋನ್ ಮಾಡುವ ನರ್ಸ್, ಫೋನ್ ಎತ್ತುವ ನರ್ಸ್

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ಆರು ವರ್ಷದಿಂದ ಮೆಡಿಸಿನ್ ವಾರ್ಡಿನಲ್ಲಿದ್ದೇನೆ. ವಯಸ್ಸು 29. ನೈಟ್ ಡ್ಯೂಟಿ ಮಾಡಿ ಮಾಡಿ ಸಾಕಾಗಿದೆ. ಡಾಕ್ಟರು ಏನು ಬರೆಯುತ್ತಾರೆ ಅನ್ನುವುದು ಎಷ್ಟೋ ಸಲ ಅವರು ಬರೆಯುವ ಮೊದಲೇ ನನಗೆ ಗೊತ್ತಿರುತ್ತದೆ. ನರ್ಸ್ ಪ್ರಾಕ್ಟೀಷನರ್, ಅಂದರೆ ಮುಂದೆ ಓದಿ ತಾನೇ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್, ಆಗೋಣ ಅನಿಸಿದೆ. ಮನೆಯವರು "ಇಷ್ಟೆಲ್ಲಾ ಓದೋದಾದ್ರೆ ಡಾಕ್ಟರೇ ಆಗಬಹುದಿತ್ತಲ್ಲ" ಅಂತಾರೆ. ಈ ದಾರಿ ಹಿಡಿಯಬಹುದಾ?

ಉತ್ತರ: ಬರೀ ನೈಟ್ ಡ್ಯೂಟಿ ತಪ್ಪಿಸಿಕೊಳ್ಳುವುದಕ್ಕಾದರೆ ಇಷ್ಟು ಓದು ಬೇಡ. ಒಪಿಡಿ, ಡಯಾಲಿಸಿಸ್, ಇನ್‌ಫೆಕ್ಷನ್ ಕಂಟ್ರೋಲ್, ಪಾಠ ಹೇಳುವ ಕೆಲಸ, ಹೀಗೆ ಹಗಲಿನ ಕೆಲಸಗಳು ಬೇಕಾದಷ್ಟಿವೆ. ಐಸಿಯುನಲ್ಲಿರುವ ನರ್ಸ್ ಪ್ರಾಕ್ಟೀಷನರ್‌ಗಳೂ ರಾತ್ರಿ ಎದ್ದಿರುತ್ತಾರೆ, ಅದು ನೆನಪಿರಲಿ.

ಡಾಕ್ಟರು ಬರೆಯುವ ಮೊದಲೇ ಗೊತ್ತಿರುತ್ತದೆ ಅಂದಿರಲ್ಲ, ಆ ಮಾತು ನನಗೆ ಇಷ್ಟವಾಯಿತು. ಆದರೆ ಗೊತ್ತಿರುವುದು ಬೇರೆ, ಬರೆದು ಸಹಿ ಹಾಕುವುದು ಬೇರೆ.

ನಾನು ನರ್ಸ್ ಪ್ರಾಕ್ಟೀಷನರ್ ಆಗಿ ಹೊಸದಾಗಿ ಕೆಲಸಕ್ಕೆ ಬಂದಾಗ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಂದರು. ಬೆಳಿಗ್ಗೆ ಎದ್ದು ನಿಂತರೆ ತಲೆ ಸುತ್ತು. ಮಲಗಿಸಿ ಬಿಪಿ ನೋಡಿದೆ, ಮೇಲಿನ ಅಂಕಿ 148. ನಿಲ್ಲಿಸಿ ಮೂರು ನಿಮಿಷ ಬಿಟ್ಟು ನೋಡಿದೆ, 118. ನಿಂತಾಗ 20 ಇಳಿದರೇ ಗಮನ ಕೊಡಬೇಕು, ಇಲ್ಲಿ 30 ಇಳಿದಿತ್ತು. ವಾರ್ಡ್ ನರ್ಸ್ ಆಗಿದ್ದರೆ ಚಾರ್ಟಿನಲ್ಲಿ ಬರೆದು ಫೋನ್ ಮಾಡುತ್ತಿದ್ದೆ, ನನ್ನ ಕೆಲಸ ಮುಗಿಯುತ್ತಿತ್ತು. ಈಗ ಆ ಫೋನ್ ಎತ್ತಬೇಕಾದವಳೇ ನಾನು. ಅಜ್ಜಿಯ ಚೀಲದಲ್ಲಿ ಬಿಪಿ ಮಾತ್ರೆ, ಕಾಲು ಊತಕ್ಕೆ ನೀರಿನ ಮಾತ್ರೆ, ನಿದ್ದೆಗೆ ಒಂದು ಮಾತ್ರೆ. ಯಾವುದನ್ನು ಕಡಿಮೆ ಮಾಡಲಿ? ನೀರಿನ ಮಾತ್ರೆ ಇಳಿಸಿದರೆ ಊತ ಮತ್ತೆ ಬರಬಹುದು, ಸುಮ್ನೆ ಬಿಟ್ಟರೆ ಅಜ್ಜಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳಬಹುದು. ಸಾವಿರಾರು ಸಲ ಬಿಪಿ ನೋಡಿದ ಕೈ ನನ್ನದು, ಪೆನ್ನು ಹಿಡಿದಾಗ ತಡವರಿಸಿತು. ಕೊನೆಗೆ ನೀರಿನ ಮಾತ್ರೆಯನ್ನು ಅರ್ಧಕ್ಕಿಳಿಸಿ, ಸೋಡಿಯಂ ಪೊಟ್ಯಾಸಿಯಂ ನೋಡಲು ರಕ್ತ ಕಳಿಸಿ, ವಾರ ಬಿಟ್ಟು ಬನ್ನಿ ಅಂದೆ. ಆ ವಾರ ಪೂರ್ತಿ ಅಜ್ಜಿ ನನ್ನ ತಲೆಯಲ್ಲೇ ಇದ್ದರು. ಇಂಥ ಯೋಚನೆ ಮನೆಗೂ ಬರುತ್ತದೆ, ಪಾಳಿ ಮುಗಿಯಿತು ಅಂತ ಹ್ಯಾಂಡೋವರ್ ಕೊಟ್ಟು ಬರುವುದಕ್ಕೆ ಆಗುವುದಿಲ್ಲ. ಅದು ಬೇಕು ಅನಿಸಿದರೆ ಮಾತ್ರ ಮುಂದೆ ಓದಿ.

ಮನೆಯವರ ಮಾತಿಗೆ ಬರೋಣ. ಇದು ಅರ್ಧ ಡಾಕ್ಟರ್ ಕೋರ್ಸ್ ಅಲ್ಲ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ಇದನ್ನು ಶುರು ಮಾಡಿದವರು ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್. ವೈದ್ಯರು ಸಿಗದ ಕಡೆ ಮಕ್ಕಳ ಆರೋಗ್ಯ ನೋಡಿಕೊಳ್ಳಲು, ಆಗಲೇ ಅನುಭವವಿದ್ದ ನರ್ಸ್‌ಗಳಿಗೆ ಮುಂದಿನ ತರಬೇತಿ ಕೊಟ್ಟರು. ನಿಮ್ಮ ಆರು ವರ್ಷ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಂಬಿಬಿಎಸ್‌ಗೆ ಹೋದರೆ ಆ ಆರು ವರ್ಷಕ್ಕೆ ಯಾರೂ ಒಂದು ದಿನದ ರಿಯಾಯಿತಿಯನ್ನೂ ಕೊಡುವುದಿಲ್ಲ. ಆದರೆ ಆಪರೇಷನ್ ಮಾಡುವ ಆಸೆ ಇದ್ದರೆ ಮನೆಯವರು ಹೇಳಿದ್ದೇ ಸರಿ.

ವಯಸ್ಸಿನ ಚಿಂತೆ ಬಿಡಿ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದಕ್ಕೆ. ಹೆಸರು ಒಂದೇ, ಅಧಿಕಾರ ಒಂದೇ ಅಲ್ಲ. ಅಮೆರಿಕದಲ್ಲಿ ಸ್ನಾತಕೋತ್ತರ ಪದವಿಯೋ ಡಾಕ್ಟರೇಟೋ ಬೇಕು, ಮೇಲೆ ಪರೀಕ್ಷೆ. ಅಷ್ಟಾದರೂ ಕೆಲವು ರಾಜ್ಯಗಳಲ್ಲಿ ಸ್ವತಂತ್ರವಾಗಿ ಔಷಧಿ ಬರೆಯಬಹುದು, ಕೆಲವು ಕಡೆ ಡಾಕ್ಟರ ಜೊತೆ ಒಪ್ಪಂದ ಇರಲೇಬೇಕು. ಆಸ್ಟ್ರೇಲಿಯಾದಲ್ಲಿ ಓದಿನ ಜೊತೆ 5,000 ಗಂಟೆಗಳ ಉನ್ನತ ಮಟ್ಟದ ಕೆಲಸದ ಅನುಭವ ಕೇಳುತ್ತಾರೆ. ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಎರಡು ವರ್ಷದ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾ ಕಲಿಯುವುದು, ಅದು ಐಸಿಯು ಕೆಲಸಕ್ಕೇ ಇರುವುದು. ಸ್ವಂತ ಕ್ಲಿನಿಕ್ಕಿನ ಕನಸು ಕಟ್ಟಿಕೊಂಡು ಅಲ್ಲಿ ಸೇರಿದರೆ ನಿರಾಸೆ ಗ್ಯಾರಂಟಿ.

ವಿಭಾಗ ಆರಿಸುವಾಗಲೂ ಅವಸರ ಬೇಡ. ಮಕ್ಕಳು, ನವಜಾತ ಶಿಶು, ವಯಸ್ಕರು ಮತ್ತು ವೃದ್ಧರು, ಮಾನಸಿಕ ಆರೋಗ್ಯ, ಇಡೀ ಕುಟುಂಬ, ಹೀಗೆ ಬೇರೆ ಬೇರೆ ಇವೆ. ಅಮೆರಿಕದ ಪದ್ಧತಿಯಲ್ಲಿ ಮಕ್ಕಳ ವಿಭಾಗ ಓದಿದವರು ವೃದ್ಧರನ್ನು ನೋಡಬೇಕೆಂದರೆ ಮತ್ತೆ ಓದಿ ಇನ್ನೊಂದು ಸರ್ಟಿಫಿಕೇಟ್ ತರಬೇಕು. ಫೀಸ್ ಕಟ್ಟುವ ಮೊದಲು ಕಾಲೇಜಿಗೆ ಒಂದೇ ಪ್ರಶ್ನೆ ಕೇಳಿ: ಕ್ಲಿನಿಕಲ್ ತರಬೇತಿಗೆ ಜಾಗ ನೀವು ಕೊಡ್ತೀರಾ, ನಾನೇ ಹುಡುಕಿಕೊಳ್ಳಬೇಕಾ? ನೀವೇ ಹುಡುಕಿ ಅನ್ನುವ ಕೋರ್ಸ್‌ಗಳು ಬೇಕಾದಷ್ಟಿವೆ. ಕಲಿಸಲು ಒಪ್ಪುವವರು ಸಿಗದೆ ವರ್ಷ ಮುಂದೂಡಿಕೊಂಡವರೂ ಇದ್ದಾರೆ.

ಅರ್ಜಿ ಹಾಕುವ ಮೊದಲು ಒಂದು ತಿಂಗಳು ಹೀಗೆ ಮಾಡಿ ನೋಡಿ. ಡಾಕ್ಟರಿಗೆ ಫೋನ್ ಮಾಡುವ ಮುಂಚೆ ಸಣ್ಣ ನೋಟ್‌ಬುಕ್ಕಿನಲ್ಲಿ ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ, ಯಾಕೆ, ನಾಳೆ ಏನು ನೋಡುತ್ತಿದ್ದಿರಿ ಅಂತ ಎರಡು ಸಾಲು ಗೀಚಿಡಿ. ಆಮೇಲೆ ಅವರು ಬರೆದದ್ದರ ಜೊತೆ ಹೋಲಿಸಿ. ಔಷಧಿ ತಾಳೆಯಾಗುವುದು ಸುಲಭ, "ಯಾಕೆ" ತಾಳೆಯಾಗುತ್ತದಾ ನೋಡಿ. ಪೇಷೆಂಟ್ ಹೆಸರು ಮಾತ್ರ ಅದರಲ್ಲಿ ಬರೆಯಬೇಡಿ.