ಆಟದಲ್ಲಿ ಎಂಥ ಡಾಕ್ಟರೇಟ್?

ಪ್ರಶ್ನೆ: ನಾನು ಡೊಂಬಿವಲಿಯವಳು, ವಯಸ್ಸು 33. ಮುಂಬೈ ವಿಶ್ವವಿದ್ಯಾಲಯದ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಸ್ನಾತಕೋತ್ತರ ಪದವಿ ಇದೆ, ಶೇ. 58 ಅಂಕ. ಎಂಟು ವರ್ಷದಿಂದ ಮ್ಯಾರಥಾನ್, ಕಬಡ್ಡಿ ಪಂದ್ಯ ನಡೆಸಿಕೊಡುವ ಕಂಪನಿಯಲ್ಲಿ ಕೆಲಸ. ಇದೇ ವಿಷಯದಲ್ಲಿ ಪಿಎಚ್.ಡಿ ಮಾಡುವ ಆಸೆ, ಆದರೆ ಎಲ್ಲಿ ಅರ್ಜಿ ಹಾಕಬೇಕು ಅಂತಲೇ ಗೊತ್ತಾಗುತ್ತಿಲ್ಲ. ಐದು ವರ್ಷದ ಮಗಳಿದ್ದಾಳೆ. ಕೆಲಸ ಬಿಡಬೇಕಾ? ಮನೆಯಲ್ಲಿ ‘ಆಟದಲ್ಲಿ ಎಂಥ ಡಾಕ್ಟರೇಟ್ ಮಾರಾಯ್ತಿ’ ಅಂತಾರೆ.

ಉತ್ತರ: ಮೊದಲು ಮನೆಯವರಿಗೆ ಹೇಳಿ, ಇದು ನಿನ್ನೆ ಮೊನ್ನೆ ಹುಟ್ಟಿದ ವಿಷಯ ಅಲ್ಲ. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯ ಇದರಲ್ಲಿ ಸ್ನಾತಕೋತ್ತರ ಕೋರ್ಸ್ ಶುರು ಮಾಡಿದ್ದು 1966ರಲ್ಲಿ. ‘ಜರ್ನಲ್ ಆಫ್ ಸ್ಪೋರ್ಟ್ ಮ್ಯಾನೇಜ್‌ಮೆಂಟ್’ ಅನ್ನುವ ಸಂಶೋಧನಾ ಪತ್ರಿಕೆ 1987ರಿಂದ ಬರುತ್ತಿದೆ. ಮೈದಾನ ಯಾರದ್ದು, ಖರ್ಚು ಯಾರದ್ದು, ಸಂಘ ಯಾರ ಕೈಯಲ್ಲಿದೆ, ಜನ ಯಾಕೆ ಬರುತ್ತಾರೆ, ಇವೆಲ್ಲ ಅಲ್ಲಿ ಗಂಭೀರ ಪ್ರಶ್ನೆಗಳು.

ಆದರೆ ನಿಮಗೆ ಪಿಎಚ್.ಡಿ ಯಾಕೆ ಬೇಕು? ಕಂಪನಿಯಲ್ಲಿ ಮೇಲೇರಲು ಆದರೆ ದಯವಿಟ್ಟು ಬೇಡ. ಆ ಲೋಕದಲ್ಲಿ ನಿಮ್ಮ ಎಂಟು ವರ್ಷದ ಅನುಭವಕ್ಕೇ ಬೆಲೆ ಜಾಸ್ತಿ. ಕಾಲೇಜಿನಲ್ಲಿ ಪಾಠ ಮಾಡಲು ಆದರೆ, ಸಹಾಯಕ ಪ್ರಾಧ್ಯಾಪಕರಾಗಲು ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು) ಸಾಕು. 2023ರಿಂದ ಅಲ್ಲಿ ಪಿಎಚ್.ಡಿ ಕಡ್ಡಾಯವಲ್ಲ. ಮಹಾರಾಷ್ಟ್ರ ಮತ್ತು ಗೋವಾ ಎರಡಕ್ಕೂ ಸೆಟ್ ನಡೆಸುವುದು ಪುಣೆ ವಿಶ್ವವಿದ್ಯಾಲಯ. ಅದರಿಂದ ಮುಂದೆ ಹೋಗಲು, ಸಂಶೋಧನೆಯನ್ನೇ ಕೆಲಸ ಮಾಡಿಕೊಳ್ಳಲು ಪಿಎಚ್.ಡಿ ಬೇಕೇ ಬೇಕು.

‘ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಪಿಎಚ್.ಡಿ’ ಅನ್ನುವ ಹೆಸರು ಹುಡುಕಿ ಸೋತಿದ್ದೀರಿ, ಅಲ್ವಾ? ಹೆಸರು ಬಿಡಿ. ನಮ್ಮಲ್ಲಿ ಈ ವಿಷಯಕ್ಕೆ ಸಾಮಾನ್ಯವಾಗಿ ಎರಡು ದಾರಿ. ಒಂದು ಮ್ಯಾನೇಜ್‌ಮೆಂಟ್ ವಿಭಾಗ, ಇನ್ನೊಂದು ದೈಹಿಕ ಶಿಕ್ಷಣ. ಯಾವುದು ನಿಮ್ಮದು ಅನ್ನುವುದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಪ್ರಾಯೋಜಕರು, ಟಿಕೆಟ್, ಸ್ವಯಂಸೇವಕರು, ಆಡಳಿತ ಆದರೆ ಮ್ಯಾನೇಜ್‌ಮೆಂಟ್. ಶಾಲಾ ಕ್ರೀಡೆ, ತರಬೇತಿ ವ್ಯವಸ್ಥೆ ಆದರೆ ದೈಹಿಕ ಶಿಕ್ಷಣ. ಪುಣೆಯ ಸಿಂಬಯೋಸಿಸ್ ವಿಶ್ವವಿದ್ಯಾಲಯದಲ್ಲಿ ಕ್ರೀಡೆಗೇ ಒಂದು ಪ್ರತ್ಯೇಕ ವಿಭಾಗ ಇದೆ, ಗ್ವಾಲಿಯರ್‌ನ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಸಂಸ್ಥೆಯೂ ಇದೆ. ಆದರೆ ಸಂಸ್ಥೆಗಿಂತ ಮೊದಲು ಗೈಡ್, ಅಂದರೆ ಮಾರ್ಗದರ್ಶಕರನ್ನು, ಹುಡುಕಿ. ಒಬ್ಬ ಪ್ರೊಫೆಸರ್ ಒಂದು ಸಲಕ್ಕೆ ಎಂಟು ಜನರನ್ನು ಮಾತ್ರ ತೆಗೆದುಕೊಳ್ಳಬಹುದು, ಸಹಾಯಕ ಪ್ರಾಧ್ಯಾಪಕರಾದರೆ ನಾಲ್ಕೇ. ಅವರ ಲೇಖನ ಎರಡು ಓದಿ, ಒಂದು ಪುಟದ ಪತ್ರ ಬರೆದು, ಜಾಗ ಇದೆಯಾ ಅಂತ ನೇರವಾಗಿ ಕೇಳಿ.

ಆ ಒಂದು ಪುಟದಲ್ಲಿ ಏನಿರಬೇಕು? ಅದೇ ಮುಖ್ಯ. ‘ಭಾರತದಲ್ಲಿ ಕ್ರೀಡಾ ನಿರ್ವಹಣೆ: ಒಂದು ಅಧ್ಯಯನ’ ಅಂತ ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಇಂಥ ದೊಡ್ಡ ವಿಷಯ ಹಿಡಿದು ಎರಡು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ನಿಮ್ಮ ಸುತ್ತಲೇ ನೋಡಿ. ಮುಂಬೈಯ ನಮ್ಮ ಕನ್ನಡ, ತುಳು ಸಂಘಗಳು ಕ್ರೀಡಾಕೂಟ ಮಾಡುತ್ತವೆ. ಗೆರೆ ಎಳೆಯುವವರು, ಊಟ ಬಡಿಸುವವರು, ಸ್ಕೋರ್ ಬರೆಯುವವರು ಯಾರೂ ಸಂಬಳ ತೆಗೆದುಕೊಳ್ಳುವುದಿಲ್ಲ. ಆದರೂ ವರ್ಷ ವರ್ಷ ಯಾಕೆ ಬರುತ್ತಾರೆ? ನಿಮ್ಮ ಮ್ಯಾರಥಾನ್‌ಗೆ ಬರುವ ಕಾಲೇಜು ಹುಡುಗರು ಮರುವರ್ಷ ಬಾರದಿದ್ದರೆ, ಯಾಕೆ? ಇವೆರಡನ್ನು ಪಕ್ಕಪಕ್ಕ ಇಟ್ಟರೆ ಒಳ್ಳೆಯ ಥೀಸಿಸ್ ಆಗುತ್ತದೆ. ಸಂಘದ ಹಳೆಯ ಹಾಜರಿ ಪುಸ್ತಕ, ಅಧ್ಯಕ್ಷರ ಮಾತು ನಿಮಗೆ ಸಿಗುತ್ತವೆ. ಹೊರಗಿನವರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇನ್ನೊಂದು ದಿಕ್ಕು ಮೈದಾನಗಳದ್ದು. ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟ, 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ಆದವು. ಗೋವಾದಲ್ಲಿ 2014ರಲ್ಲಿ ಪೋರ್ಚುಗೀಸ್ ನಂಟಿನ ನಾಡುಗಳ ಲುಸೊಫೋನಿಯಾ ಕ್ರೀಡಾಕೂಟ, 2023ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಆಯಿತು. ಕೂಟ ಮುಗಿದ ಮೇಲೆ ಆ ಜಾಗಗಳಲ್ಲಿ ಯಾರು ಆಡುತ್ತಾರೆ, ಬಾಡಿಗೆ ಎಷ್ಟು, ಪಕ್ಕದ ಊರಿನ ಮಕ್ಕಳಿಗೆ ಗೇಟ್ ತೆರೆಯುತ್ತದಾ? ಬುಕಿಂಗ್ ರಿಜಿಸ್ಟರ್‌ನಿಂದಲೇ ಕೆಲಸ ಶುರು ಮಾಡಬಹುದು. ಇದನ್ನು ಯಾರಾದರೂ ಮನಸ್ಸಿಟ್ಟು ಮಾಡಬೇಕು ಅಂತ ನನಗೆ ತುಂಬಾ ಆಸೆ.

ಈಗ ಕೆಲಸದ ವಿಷಯ. ವಿಶ್ವವಿದ್ಯಾಲಯಗಳನ್ನು ನಿಯಂತ್ರಿಸುವ ಯುಜಿಸಿಯ 2022ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ನಿಮಗಿದೆ. ಪಾರ್ಟ್‌ಟೈಮ್‌ಗೆ ಅವಕಾಶ ಇದೆ, ಕಂಪನಿಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಓದಲು ಸಮಯ ಕೊಡುತ್ತೇವೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್.ಡಿಯ ತರಗತಿಗಳಿಗೆ) ಬಿಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು. ಬಾಯಿಮಾತು ನಂಬಬೇಡಿ. ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಿಂದ ಇನ್ನೆರಡು ಸಿಗಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು.

ಆದರೂ ನನ್ನ ಸಲಹೆ, ಮೊದಲು ನೆಟ್ ಬರೆಯಿರಿ. ಅದರಲ್ಲಿ ಚೆನ್ನಾಗಿ ಮಾಡಿದವರಿಗೆ ಸಿಗುವ ಸಂಶೋಧನಾ ವೇತನ ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಅಂದರೆ ನಿಮಗಿನ್ನೂ ಸಮಯ ಇದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ. ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಆಗ ಕೆಲಸ ಬಿಟ್ಟು ಪೂರ್ಣಾವಧಿ ಮಾಡುವ ಧೈರ್ಯ ಬರುತ್ತದೆ. ಸಿಗದಿದ್ದರೂ ನೆಟ್ ಅಂಕ ಪಿಎಚ್.ಡಿ ಪ್ರವೇಶಕ್ಕೆ ಒಂದು ವರ್ಷ ನಡೆಯುತ್ತದೆ. ಜೆಆರ್‌ಎಫ್ ಇಲ್ಲದೆ, ಚಿಕ್ಕ ಮಗು ಇಟ್ಟುಕೊಂಡು ಕೆಲಸ ಬಿಡಬೇಡಿ.

ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ‘ಆನ್‌ಲೈನ್ ಪಿಎಚ್.ಡಿ’ ಮಾರುವವರ ಫೋನ್ ಬಂದರೆ ಕಟ್ ಮಾಡಿ. ಅದಕ್ಕೆ ಮಾನ್ಯತೆ ಇಲ್ಲ ಅಂತ ಯುಜಿಸಿ 2022ರಲ್ಲೇ ಹೇಳಿದೆ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ನಿಮ್ಮ ಸಂಘದ ಆಫೀಸಿಗೆ ಹೋಗಿ, ಕ್ರೀಡಾಕೂಟದ ಹಳೆಯ ಪುಸ್ತಕಗಳು ಎಷ್ಟು ವರ್ಷದವು ಉಳಿದಿವೆ ನೋಡಿ ಬನ್ನಿ. ಆಮೇಲೆ ಆ ಒಂದು ಪುಟ ಬರೆಯಿರಿ.