ಮೃಗಾಲಯದಲ್ಲಿ ಮಕ್ಕಳಿಗೆ ಚೀತಾವನ್ನು ಪರಿಚಯಿಸುವುದು ಹೇಗೆ? ಅದು ಚಿರತೆಯೇ ಅಲ್ಲವೇ?

ಅಲ್ಲ, ಚಿರತೆ ಬೇರೆ, ಚೀತಾ ಬೇರೆ. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೈಸೂರು ಮೃಗಾಲಯಕ್ಕೆ ಬಂದ ಮೂರು ಪ್ರಾಣಿಗಳು ಚೀತಾಗಳು. ಮೊದಲು ಮುಖ ತೋರಿಸಿ: ಕಣ್ಣಿನ ಒಳಮೂಲೆಯಿಂದ ಬಾಯಿಯವರೆಗೆ ಕಣ್ಣೀರು ಇಳಿದಂತೆ ಕಪ್ಪು ಗೆರೆಯಿದ್ದರೆ ಅದು ಚೀತಾ. ಚಿರತೆಯ ಮೈಮೇಲೆ ಹೂವಿನಂಥ ಬಳೆಗಳು. ಚೀತಾದ್ದು ಕಾಡಿಗೆಯ ಬೊಟ್ಟಿನಂಥ ಗಟ್ಟಿ ಚುಕ್ಕೆ.

"ಯಾಕೆ ಓಡುತ್ತಿಲ್ಲ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗಂಟೆಗೆ ಸುಮಾರು 100 ಕಿ.ಮೀ. ವೇಗದ ಆ ಓಟ ಕೆಲವೇ ಸೆಕೆಂಡುಗಳದು. ಆಮೇಲೆ ಏದುಸಿರು ಬಿಡುತ್ತಾ ದಣಿವಾರಿಸಿಕೊಳ್ಳಬೇಕು. ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ಚಿಮ್ಮುತ್ತದೆ. ಉಗುರುಗಳು ಬೆಕ್ಕಿನಂತೆ ಪೂರ್ತಿ ಒಳಸೇರದೆ, ಓಟಗಾರರ ಬೂಟಿನ ಮೊಳೆಗಳ ಹಾಗೆ ನೆಲ ಕಚ್ಚುತ್ತವೆ. ತಿರುವಿನಲ್ಲಿ ಮೈ ವಾಲದಂತೆ ಕಾಯುವುದು ಉದ್ದನೆಯ ಬಾಲ.

ಇಷ್ಟು ಹಗುರವಾದ ಮೈ ಕಾದಾಟಕ್ಕಲ್ಲ. ಸಿಂಹವೋ ಕತ್ತೆಕಿರುಬವೋ ಬಂದರೆ ಬೇಟೆಯನ್ನೇ ಬಿಟ್ಟು ಹೊರಟುಬಿಡುತ್ತದೆ. ಈ ಅಂಜಿಕೆಯನ್ನು ಅರಿತೇ ಅಮೆರಿಕದ ಸ್ಯಾನ್ ಡಿಯೇಗೋ ಮೃಗಾಲಯದವರು 1980ರ ದಶಕದಿಂದ ಕೆಲವು ಚೀತಾ ಮರಿಗಳನ್ನು ನಾಯಿಯ ಜೊತೆ ಬೆಳೆಸಿದ್ದಾರೆ. ಜನರ ಎದುರು ನಾಯಿ ನಿರಾಳವಾಗಿದ್ದರೆ ಚೀತಾವೂ ನಿರಾಳ. ದಯವಿಟ್ಟು ಕೂಗಿ ಕರೆಯಬೇಡಿ. ಮಕ್ಕಳನ್ನು ಸುಮ್ಮನೆ ನಿಲ್ಲಿಸಿ, ಕಿವಿಗೊಡಲು ಹೇಳಿ: ಚೀತಾ ಗರ್ಜಿಸುವುದಿಲ್ಲ, ಹಕ್ಕಿಯಂತೆ ಚಿಲಿಪಿಲಿಗುಟ್ಟುತ್ತದೆ.