ಮೇಕಪ್ ಜಾಹೀರಾತಿನ ಮುಖಗಳು ಬದಲಾದರೆ ಚಂದದ ಅಳತೆಯೂ ಬದಲಾದ ಹಾಗೆಯೇ?

ಈಗಿನ ಮೇಕಪ್ ಜಾಹೀರಾತುಗಳಲ್ಲಿ ವಯಸ್ಸಾದವರು, ಕಪ್ಪು ಬಣ್ಣದವರು ಎಲ್ಲರೂ ಕಾಣಿಸುತ್ತಾರಲ್ಲ, ಇದು ನಿಜವಾದ ಬದಲಾವಣೆಯೇ ಅಂತ ಕೇಳಿದ್ದೀರಿ. ನಿಜವೇ. ಆದರೆ ಒಂದು ಕಡೆ ಬೇಗ, ಇನ್ನೊಂದು ಕಡೆ ತುಂಬಾ ನಿಧಾನ.

ವಯಸ್ಸಿನ ವಿಷಯ ಬಂದರೆ ನನಗೆ ಮೊದಲು ನೆನಪಾಗುವುದು ಇಟಲಿಯ ನಟಿ ಇಸಾಬೆಲ್ಲಾ ರೊಸೆಲಿನಿ. 1980ರ ದಶಕದ ಆರಂಭದಿಂದ ಅವರು ಲಾಂಕೋಮ್ ಅನ್ನುವ ಮೇಕಪ್ ಕಂಪನಿಯ ರಾಯಭಾರಿಯಾಗಿದ್ದರು, ಅಂದರೆ ಜಾಹೀರಾತಿನ ಮುಖ. ನಲವತ್ತು ದಾಟಿದ ಮೇಲೆ ಕಂಪನಿ ಅವರನ್ನು ಕೈಬಿಟ್ಟಿತು. ಹೆಂಗಸರು ಕನಸು ಕಾಣುವುದೇ ಯೌವನದ್ದು ಅನ್ನುವುದು ಆಗಿನ ಲೆಕ್ಕಾಚಾರ. 2016ರಲ್ಲಿ ಅದೇ ಕಂಪನಿ ಅವರನ್ನು ಮತ್ತೆ ಕರೆಯಿತು. ಆಗ ಅವರಿಗೆ 63 ವರ್ಷ. ಸುಕ್ಕಿನ ಕ್ರೀಮ್ ಕೊಳ್ಳುವವರು ನಡುವಯಸ್ಸಿನವರೇ ಅಲ್ವಾ? ಅವರ ಮುಂದೆ ಇಪ್ಪತ್ತರ ಹುಡುಗಿಯ ಕೆನ್ನೆ ಹಿಡಿದರೆ ಯಾರು ನಂಬುತ್ತಾರೆ? ಇಷ್ಟು ಸರಳ ಮಾತು ತಲೆಗೆ ಹೋಗಲು ಅಷ್ಟು ವರ್ಷ ಬೇಕಾಯಿತು ಅನ್ನುವುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಬಣ್ಣದ ಕಥೆ ಬೇರೆ. ಅಲ್ಲಿ ಮಾಡೆಲ್ ಬದಲಾದರೆ ಸಾಲದು, ಬಾಟಲಿಯೊಳಗಿನದೂ ಬದಲಾಗಬೇಕು. ಸೊಮಾಲಿಯಾದಲ್ಲಿ ಹುಟ್ಟಿದ ಇಮಾನ್ 1970ರ ದಶಕದಲ್ಲಿ ಮಾಡೆಲಿಂಗ್ ಶುರು ಮಾಡಿದಾಗ, ನಿಮ್ಮ ಫೌಂಡೇಶನ್ ನೀವೇ ತಂದಿದ್ದೀರಾ ಅಂತ ಮೇಕಪ್ ಕಲಾವಿದರು ಕೇಳಿದ್ದರಂತೆ. ಫೌಂಡೇಶನ್ ಅಂದರೆ ಚರ್ಮದ ಬಣ್ಣಕ್ಕೆ ಹೊಂದುವಂತೆ ಮುಖಕ್ಕೆಲ್ಲ ಹಚ್ಚುವ ಮೇಕಪ್; ಆ ಕಲಾವಿದರ ಹತ್ತಿರ ಇಮಾನ್ ಅವರ ಬಣ್ಣದ್ದೇ ಇರಲಿಲ್ಲ. ಮುಂದೆ ಇಮಾನ್ ತಾನೇ ಬೇರೆ ಬೇರೆ ಫೌಂಡೇಶನ್ ಬೆರೆಸಿ ಹದ ಮಾಡಿಕೊಂಡರು, 1994ರಲ್ಲಿ ಸ್ವಂತ ಬ್ರಾಂಡ್ ತೆರೆದರು. 2017ರಲ್ಲಿ ಗಾಯಕಿ ರಿಹಾನಾ ಅವರ ಮೇಕಪ್ ಬ್ರಾಂಡ್ ಫೆಂಟಿ ಬ್ಯೂಟಿ ಒಂದೇ ಸಲಕ್ಕೆ ಫೌಂಡೇಶನ್‌ನ 40 ಶೇಡ್, ಅಂದರೆ ಬಣ್ಣದ ಛಾಯೆ, ತಂದ ಮೇಲೆ ಉಳಿದ ಕಂಪನಿಗಳಿಗೂ ಬಿಸಿ ತಟ್ಟಿತು. ಹಾಗಾಗಿ ಜಾಹೀರಾತಿನಲ್ಲಿ ಕಪ್ಪು ಬಣ್ಣದ ಮಾಡೆಲ್ ಕಂಡರೆ ನಾನು ಸುಮ್ನೆ ಖುಷಿಪಡುವುದಿಲ್ಲ, ಶೇಡ್ ಪಟ್ಟಿ ತೆಗೆದು ನೋಡುತ್ತೇನೆ. ತಿಳಿ ಬಣ್ಣದ್ದು ಸಾಲುಗಟ್ಟಿ, ಗಾಢ ಬಣ್ಣದ್ದು ಎರಡೋ ಮೂರೋ ಇದ್ದರೆ ಆ ಮುಖ ಬರೀ ತೋರಿಕೆಗೆ.

ಜಾಸ್ತಿ ಬದಲಾಗದೆ ಉಳಿದದ್ದು ಚರ್ಮದ ನುಣುಪು. 2011ರಲ್ಲಿ ಬ್ರಿಟನ್ನಿನ ಜಾಹೀರಾತು ಕಾವಲು ಸಂಸ್ಥೆ ಹಾಲಿವುಡ್ ನಟಿ ಜೂಲಿಯಾ ರಾಬರ್ಟ್ಸ್ ಇದ್ದ ಫೌಂಡೇಶನ್ ಜಾಹೀರಾತನ್ನೇ ನಿಷೇಧಿಸಿತು. ಚಿತ್ರವನ್ನು ಎಷ್ಟು ತಿದ್ದಿದ್ದೇವೆ, ಆ ಹೊಳಪು ನಿಜಕ್ಕೂ ಫೌಂಡೇಶನ್‌ನದೇ ಅಂತ ಕಂಪನಿಗೆ ತೋರಿಸಲು ಆಗಲಿಲ್ಲ. ಈಗಲೂ ಯಾವುದಾದರೂ ಜಾಹೀರಾತನ್ನು ದೊಡ್ಡದು ಮಾಡಿ ಮೂಗಿನ ಪಕ್ಕ ನೋಡಿ. ಎಷ್ಟೋ ಚಿತ್ರಗಳಲ್ಲಿ ಚರ್ಮದ ರಂಧ್ರಗಳೇ ಇರುವುದಿಲ್ಲ. ವಯಸ್ಸಾದ ಮಾಡೆಲ್ ಆದರೆ ಬೆಳ್ಳಿಕೂದಲು ಹಾಗೇ ಇರುತ್ತದೆ, ಕಣ್ಣಂಚಿನಲ್ಲಿ ಎರಡು ಗೆರೆಗೂ ಅನುಮತಿ ಇರುತ್ತದೆ, ಕುತ್ತಿಗೆ ಮಾತ್ರ ನುಣ್ಣಗೆ.